ದಪ್ಪ ಕ್ಲಾಂಪು

ನಾಳೆ ಸೊರಬದಲ್ಲಿ ಶ್ರೀಲತಾಳ ತಮ್ಮ ಶರತ್‌ನ ಮದುವೆ. ಮದುಮಗನ ಮೆರವಣಿಗೆ ತನ್ನ ಇಂಗ್ಲೆಂಡಿನ ಹಳೇ ಸ್ಪೋರ್ಟ್ಸ್ ಕಾರಿನಲ್ಲೇ ಎಂದು ಅವಳ ಗಂಡ ಮಲ್ಲಿಕಾರ್ಜುನ್ ಬೀಗರಿಗೆಲ್ಲ ಸಾರಿಬಿಟ್ಟಿದ್ದ. ಕಾರು ಬರದಿದ್ದರೆ ತವರಿನಲ್ಲಿ ತಲೆ ತಗ್ಗಿಸಬೇಕಾದವಳು ಮಾತ್ರ ಶ್ರೀಲತಾ.

ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಚಾರ್ಜೇ ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ಕಾಯಿಸಿ ಹೊಸದೊಂದು ಇಂಗ್ಲೆಂಡಿನಿಂದ ಬಂದಿತ್ತು. ಬ್ಯಾಟರಿಯ ಪ್ಲಸ್-ಮೈನಸ್ ಅದಲುಬದಲಾಗಿ ಅದೂ ಸುಟ್ಟರೆ ಮುಗಿಯಿತು. ಶಿಕಾರಿಪುರದ ಮನೆಯಂಗಳದಲ್ಲಿ ಎಲೆಕ್ಟ್ರಿಷಿಯನ್ ಅಲ್ಲಾವುದ್ದೀನ್ ಅದನ್ನು ಕೂರಿಸಿ, ಬಿಚ್ಚಿಟ್ಟಿದ್ದ ಬ್ಯಾಟರಿ ಎತ್ತಿಟ್ಟ. ಕಾರಿನ ಲೋಹದ ಚೌಕಟ್ಟು, ಅಂದರೆ ಚಾಸಿಯಿಂದ ಬಂದ ವೈರಿನ ಕ್ಲಾಂಪು ಬ್ಯಾಟರಿಯ ಮೈನಸ್ ಗೂಟದ ಮೇಲೆ ಲೊಡಲೊಡ ಎಂದಿತು. ಅವನು ಸಂದಿಗೆ ತುರುಕಲು ತಗಡಿನ ಚೂರು ಹುಡುಕಿದ.

ಕಾಫಿ ಹಿಡಿದು ನಿಂತಿದ್ದ ಶ್ರೀಲತಾ ತಡೆಯಲಾರದೆ ಹೇಳಿದಳು: "ಅಲ್ಲಾವುದ್ದೀನಣ್ಣ, ಈ ಕಾರಲ್ಲಿ ಚಾಸಿಗೆ ಹೋಗೋದು ಪ್ಲಸ್ಸು. ಪ್ಲಸ್ ಗೂಟನೇ ದಪ್ಪ. ದಪ್ಪ ಗೂಟಕ್ಕೆ ದಪ್ಪ ಕ್ಲಾಂಪು, ನೋಡಿ."

"ಎಷ್ಟು ಟ್ರ್ಯಾಕ್ಟರ್, ಎಷ್ಟು ಲಾರಿ ನೋಡೀನ್ರಿ ಅಕ್ಕಾರೆ! ಚಾಸಿಗೆ ಪ್ಲಸ್ ಕೊಟ್ಟೋರನ್ನ ನೋಡಿಲ್ಲ."

"ಕಾರಿನ ಪುಸ್ತಕದಲ್ಲಿ ಬರ್ದಿದೆ."

"ಆ ಪುಸ್ತಕ ಯಾವ ಕಾಲದ್ದೋ ಮಾರಾಯ್ತಿ," ಎಂದ ಮಲ್ಲಿಕಾರ್ಜುನ್.

"ಕಾರೇನು ನಿನ್ನೆ ಹುಟ್ಟಿದ್ದಾ ರೀ?"

ಅಲ್ಲಾವುದ್ದೀನ್ ಕಿಸಕ್ಕನೆ ನಕ್ಕ. ನಕ್ಕರೂ ತಗಡು ಸುತ್ತುವುದನ್ನು ಬಿಡಲಿಲ್ಲ. ಇನ್ನೊಂದು ಕ್ಲಾಂಪು ಪ್ಲಸ್ ಗೂಟದ ಮೇಲೆ ಇಳಿಯಲೊಲ್ಲದು. "ಸುತ್ತಿಗೆ ಕೊಡ್ರಿ ಸಾರ್," ಎಂದ. ಸಾರ್ ಸುತ್ತಿಗೆ ತರಲು ಹೊರಟೇಬಿಟ್ಟರು!

ಶ್ರೀಲತಾ ಲೋಟವನ್ನು ಮಡ್‌ಗಾರ್ಡಿನ ಮೇಲೆ ಕುಕ್ಕಿ ಆ ವೈರನ್ನು ಮುಷ್ಟಿಯಲ್ಲಿ ಹಿಡಿದಳು.

"ಪೇಂಟು, ಪೇಂಟು!" ಎಂದು ಗಂಡ ಲೋಟದತ್ತ ಹಾರಿದ.

"ಬಿಡ್ರಿ ಅಕ್ಕಾರೆ."

"ಬಿಡಲ್ಲ. ಒಂದು ಸಲ ನಾ ಹೇಳ್ದಂಗೆ ಹಾಕಿ. ಸುಟ್ಟರೆ ಸುಟ್ಟೋಳು ನಾನೇ ಅಂತ ಊರಿಗೆಲ್ಲ ಹೇಳಿ."

ತಪ್ಪು ಹೊರಲು ಆಳು ಸಿಕ್ಕಿದ ಮೇಲೆ ಇಬ್ಬರಿಗೂ ತಕರಾರು ಉಳಿಯಲಿಲ್ಲ. ಅಲ್ಲಾವುದ್ದೀನ್ ಬ್ಯಾಟರಿ ತಿರುಗಿಸಿಟ್ಟ. ಕ್ಲಾಂಪುಗಳೆರಡೂ ತಗಡು, ಸುತ್ತಿಗೆ ಒಂದನ್ನೂ ಕೇಳದೆ ಕೂತವು. ಎಂಜಿನ್ ಕೆಮ್ಮಿ ಶುರುವಾಯಿತು. ರೇಸ್ ಕೊಟ್ಟಂತೆ ಚಾರ್ಜಿನ ಕೆಂಪು ದೀಪ ಮಿಣುಕಿ ಆರಿತು; ಬ್ಯಾಟರಿ ಚಾರ್ಜ್ ಆಗತೊಡಗಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ.

ಮಲ್ಲಿಕಾರ್ಜುನ್ ಅಲ್ಲಾವುದ್ದೀನನ ಹೆಗಲು ತಟ್ಟಿದ. "ನಾ ಹೇಳ್ಲಿಲ್ವಾ? ಹಳೇ ಗಾಡಿಗೆ ಅದರದ್ದೇ ಪದ್ಧತಿ ಇರ್ತೈತಿ!"

"ಹೌದ್ರಿ ಸಾರ್."

ಶ್ರೀಲತಾ ಒಳಗೆ ಹೋಗಿ ಸೊರಬಕ್ಕೆ ಫೋನ್ ಹಚ್ಚಿದಳು.

"ಶರತ್, ಕಾರು ಬರ್ತದೆ ಕಣೋ. ಮೆರವಣಿಗೆ ಮುಗಿಯೋ ತನಕ ನಿಮ್ಮ ಭಾವ ಬಾನೆಟ್ ಎತ್ತದಂಗೆ ಯಾರನ್ನಾದ್ರೂ ಕಾವಲಿಗೆ ಹಾಕು."