ಒಂದರಿಂದ ಐದರವರೆಗೆ

ಲಾರಿ ಚಾಲಕ ತೀವ್ರ ನಿಗಾ ಘಟಕಕ್ಕೆ ಬಂದು ಆರು ದಿನವಾಗಿತ್ತು. ಕಣ್ಣಿಗೆ ಕಣ್ಣು ಹಚ್ಚದೆ ನಾಲ್ಕು ದಿನ. ಎದೆಯ ಸೋಂಕು ಇಳಿಯುತ್ತಿತ್ತು, ಉಸಿರಾಟದ ಯಂತ್ರದಿಂದ ಬಿಡಿಸಿಯೂ ಆಗಿತ್ತು. ತಲೆ ಮಾತ್ರ ನೆಟ್ಟಗಿರಲಿಲ್ಲ. ಮಾನಿಟರ್ ಕೂಗಿದಾಗಲೆಲ್ಲ ಬಲಗಾಲು ಚಾಚಿ ಮಂಚದ ಕಂಬಿ ಒದೆಯುತ್ತಿದ್ದ. ಆ ಸಂಜೆ ಔಷಧಿ ಹರಿಸಲು ಕತ್ತಿನ ರಕ್ತನಾಳಕ್ಕೆ ಹಾಕಿದ್ದ ನಳಿಗೆಯನ್ನೇ ಕಿತ್ತುಕೊಂಡ. ದಿಂಬೆಲ್ಲ ರಕ್ತ.

"ಇನ್ನೊಂದ್ಸಲ ಹೀಗಾದ್ರೆ ಮಂಪರು ಕೊಟ್ಟು ಮತ್ತೆ ಮೆಷೀನಿಗೆ ಹಾಕ್ಬೇಕಾಗುತ್ತೆ," ಎಂದರು ಡ್ಯೂಟಿ ಡಾಕ್ಟರು. "ಈ ಎದೆ ಇಟ್ಕೊಂಡು ಹೋದ್ರೆ ವಾಪಸ್ ಬರ್ತಾನೋ ಇಲ್ವೋ."

ರಾತ್ರಿ ಪಾಳಿಯ ನರ್ಸ್ ಚಾರ್ಟನ್ನು ಅವರತ್ತ ತಿರುಗಿಸಿದಳು. ಹಿಂದಿನ ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ಅವನನ್ನು ಮೂವತ್ತೊಂದು ಸಲ ಮುಟ್ಟಿದ್ದರು: ರಕ್ತಕ್ಕೆ, ಸಕ್ಕರೆಗೆ, ಎಕ್ಸ್‌ರೇಗೆ, ಮೂರು ಗಂಟೆಗೆ ಮೈ ಒರೆಸುವುದಕ್ಕೆ ಬೇರೆ.

"ಗಟ್ಟಿಮುಟ್ಟಾಗಿರೋರನ್ನ ಹೀಗೆ ಎಬ್ಬಿಸಿದ್ರೂ ತಲೆ ಕೆಡುತ್ತೆ ಸಾರ್. ಒಂದರಿಂದ ಐದರ ತನಕ ಯಾರೂ ಮುಟ್ಟೋದು ಬೇಡ. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಆಮ್ಲಜನಕ ಇಳಿದ್ರೆ?"

"ತೊಂಬತ್ತರ ಕೆಳಗೆ ಹೋಗಿ ಏಳದೇ ಇದ್ರೆ ಬೆಲ್ ಒತ್ತಿ ಕರೀತೀನಿ."

"ಏನಾದ್ರೂ ಆದ್ರೆ ನನ್ನ ತಲೆ ಹೋಗುತ್ತೆ."

"ಇಬ್ಬರದ್ದೂ ಹೋಗುತ್ತೆ ಬಿಡಿ, ಒಂದಕ್ಕೊಂದು ಜೊತೆ."

ಡಾಕ್ಟರು ನಗಲಿಲ್ಲ. ಆದರೆ ಚಾರ್ಟಿನಲ್ಲಿ ಹಾಗೆಂದು ಬರೆದು ಸಹಿ ಹಾಕಿದರು.

ಚಾಲಕನ ಹೆಂಡತಿ ಹೊರಗೆ ಬೆಂಚಿನ ಮೇಲಿದ್ದಳು. ಮನೆಯಲ್ಲಿ ಹೇಗೆ ಮಲಗುತ್ತಾರೆ ಎಂದು ನರ್ಸ್ ಕೇಳಿದಳು.

"ಎಡಮಗ್ಗುಲಿಗೆ. ಕುಂಭಕರ್ಣನ ತಮ್ಮ, ಸಿಡಿಲು ಬಡಿದ್ರೂ ಏಳಲ್ಲ. ಈಗ ಲಾರಿ ಓಡಿಸ್ತಿದ್ದೀನಿ ಅಂದ್ಕೊಂಡಿದ್ದಾರೆ ಅಕ್ಕಾ. ಕಣ್ಣು ಮುಚ್ಚಿದ್ರೆ ಯಾರಿಗೋ ಗುದ್ದಿಬಿಡ್ತೀನಿ ಅಂತಾರೆ."

ಕಂಬಿ ಒದೆಯುವುದನ್ನು ನರ್ಸ್ ಬರೀ ಮೊಂಡುತನ ಎಂದುಕೊಂಡಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬಂತು. ಹೆಂಡತಿಯನ್ನು ಒಳಗೆ ಕರೆತಂದಳು.

"ರೀ, ಲಾರಿ ಶೆಡ್ಡಲ್ಲಿದೆ. ನಿಮ್ಮ ತಮ್ಮ ನಿಲ್ಸಿ ಆರು ದಿನ ಆಯ್ತು. ಇದು ಆಸ್ಪತ್ರೆ. ಮಲಗಿ."

"ಬ್ರೇಕು?"

"ಹ್ಯಾಂಡ್‌ಬ್ರೇಕ್ ಹಾಕಿದಾರೆ."

ಕಾಲಿನ ಬಿಗಿ ಸಡಿಲಾಯಿತು. ರಾತ್ರಿ ಒಂದು ಹೊಡೆಯುವುದರೊಳಗೆ ನರ್ಸ್ ಔಷಧಿ, ರಕ್ತ, ಸಕ್ಕರೆ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿದಳು. ಅಲಾರಾಂ ಸದ್ದು ದೂರದ ನರ್ಸ್ ಮೇಜಿನಲ್ಲಿ ಮಾತ್ರ ಕೇಳುವಂತೆ ಮಾಡಿ, ದೀಪ ಆರಿಸಿ, ಅವನನ್ನು ಎಡಕ್ಕೆ ಮಲಗಿಸಿ ಬೆನ್ನಿಗೆ ದಿಂಬು ಕೊಟ್ಟಳು. ಒಂದೂವರೆಗೆ ಅವನು ನಿದ್ದೆಹೋದ.

ಮೂರಕ್ಕೆ ಹತ್ತು ನಿಮಿಷವಿತ್ತು. ಮಾನಿಟರಿನಲ್ಲಿ ಆಮ್ಲಜನಕ ತೊಂಬತ್ತಮೂರು ಇದ್ದದ್ದು ತೊಂಬತ್ತೊಂದಾಯಿತು. ಎಂಬತ್ತೊಂಬತ್ತು. ಅವಳ ಬೆರಳು ಬೆಲ್ಲಿನ ಮೇಲಿತ್ತು. ಎಬ್ಬಿಸಿದರೆ ಎಲ್ಲವೂ ನೀರಿನಲ್ಲಿ ಹೋಮ, ಎಬ್ಬಿಸದಿದ್ದರೆ? ಬಗ್ಗಿ ನೋಡಿದಳು. ಗದ್ದ ಎದೆಗೆ ಕುಸಿದಿತ್ತು. ಎರಡು ಬೆರಳಿನಿಂದ ಗದ್ದ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಂಚದ ತಲೆಭಾಗವನ್ನು ಕೂದಲೆಳೆಯಷ್ಟೆ ಏರಿಸುತ್ತ ಹೋದಳು. ಎಂಬತ್ತೆಂಟು. ಅವನ ಉಸಿರು ಎಣಿಸಿದಳು: ಆರು, ಏಳು, ಎಂಟು. ಬೆಲ್ ಒತ್ತಿಯೇಬಿಡಬೇಕು ಎನ್ನುವಷ್ಟರಲ್ಲಿ ತೊಂಬತ್ತು. ಆಮೇಲೆ ತೊಂಬತ್ತೆರಡು. ಅವಳು ಗದ್ದದಿಂದ ಬೆರಳನ್ನು ಮೆಲ್ಲಗೆ ತೆಗೆದಳು.

ನಾಲ್ಕಕ್ಕೆ ಎಕ್ಸ್‌ರೇಯವನು ಯಂತ್ರವನ್ನು ಗಡಗಡ ತಳ್ಳಿಕೊಂಡು ಬಂದ. ನರ್ಸ್ ಪರದೆಗೆ ಅಡ್ಡ ನಿಂತಳು.

"ಲಿಸ್ಟಲ್ಲಿದೆ ಸಿಸ್ಟರ್."

"ಐದಕ್ಕೆ ಬನ್ನಿ."

"ನನಗೇನು ಬೇರೆ ಕೆಲಸ ಇಲ್ವಾ? ಕಂಪ್ಲೇಂಟ್ ಬರೀತೀನಿ!"

"ಬರೀರಿ. ಮೆಲ್ಲಗೆ ಬರೀರಿ, ಪೆನ್ನಿನ ಸದ್ದಾದೀತು."

ಪರದೆಯ ಹಿಂದಿನಿಂದ ಗೊರಕೆ ಕೇಳಿಸಿತು. ಅವನು ಗೊಣಗುತ್ತಲೇ, ಯಂತ್ರದ ಮುಂದಿನ ಗಾಲಿ ಎತ್ತಿ ಹಿಡಿದುಕೊಂಡು ಹೊರಟುಹೋದ.

ಐದೂಕಾಲಿಗೆ ಚಾಲಕ ತಾನಾಗಿಯೇ ಕಣ್ಣು ಬಿಟ್ಟು ಸುತ್ತ ನೋಡಿದ.

"ಆಸ್ಪತ್ರೆ ಅಲ್ವಾ? ಆ ಬಾಗಿಲ ಹತ್ರ ಮೂಗು ಒರೆಸ್ಕೋತಿರೋದು ನನ್ನ ಹೆಂಡ್ತಿ. ಒಳಗೆ ಬಿಡಿ, ಪಾಪ."

ದೂರು ಬಂದೇ ಬಂತು. ನರ್ಸ್ ವಿವರಣೆ ಬರೆದುಕೊಡಬೇಕಾಯಿತು. ಅದರ ಕೆಳಗೆ ಡಾಕ್ಟರೂ ಸಹಿ ಹಾಕಿದರು. ಮರುದಿನ ರಾತ್ರಿ ಅವರಾಗಿಯೇ ಅವಳ ಮೇಜಿನ ಹತ್ತಿರ ಬಂದು ನಿಂತರು.

"ಎರಡನೇ ಮಂಚದ ಅಜ್ಜಿ ಕೂಡ ಮೂರು ದಿನದಿಂದ ಮಲಗಿಲ್ಲ ಕಣಮ್ಮ. ಏನು ಮಾಡೋಣ?"