ಲಾರ್ಡ್‌ರ ಮಗಳಿಗೆ ಉಡಿ

ಲಾರ್ಡ್ ಇವಾನ್ ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ. ಕೋಲೂರಿಕೊಂಡು ಕಿಟಕಿಗೆ ಹೋಗುವುದು, ಬರುವುದು, ಕಟ್ಟಿದ ಟೈ ಬಿಚ್ಚಿ ಮತ್ತೆ ಕಟ್ಟಿಸಿಕೊಳ್ಳುವುದು. ಕೆನಡಾದ ಅರೋರಾ ಊರಿನ ಆ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ಧಾರವಾಡದ ಜ್ಯೋತ್ಸ್ನಾಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ವೇಲ್ಸ್‌ನಲ್ಲಿ ಕೋಟೆ, ಕಲ್ಲಿದ್ದಲ ಗಣಿ ಎಲ್ಲ ಇದ್ದ ವಂಶವಂತೆ. ಈಗ ಉಳಿದದ್ದು ಬಿರುದು, ಮತ್ತು ಹಟ. ಮಗಳು ನೆಸ್ಟ್ ತಮ್ಮದೇ ಗಣಿಯ ಕೂಲಿಯ ಮಗನನ್ನು ಮದುವೆಯಾದಳೆಂದು ಮೂವತ್ತು ವರ್ಷ ಅವಳ ಮುಖ ನೋಡಿರಲಿಲ್ಲ. ಅಳಿಯನ ಹೆಸರನ್ನು ಯಾರೂ ಎತ್ತಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ. ಇವತ್ತು ಮಗಳು ಬರುವವಳಿದ್ದಳು, ಸಂಜೆಯ ವಿಮಾನಕ್ಕೆ ಹೊರಡುವವಳಿದ್ದಳು. ಈ ಸಲ ಮನಸ್ಸು ಬಿಚ್ಚದಿದ್ದರೆ ಇನ್ನು ಭೇಟಿಯಿಲ್ಲವೆಂದು ಎಂಬತ್ತೆಂಟರ ಮುದುಕರಿಗೂ ಗೊತ್ತಿತ್ತು.

ಮಗಳು ಬಂದಳು. ಇಬ್ಬರೂ ಚಳಿಯ ಬಗ್ಗೆ, ಚಹಾದ ಬಗ್ಗೆ, ಮುಂದೆ ಬಿರುದು ಪಡೆಯಲಿರುವ, ಲಾರ್ಡ್‌ರ ತಮ್ಮನ ಮಗನ ಕುದುರೆಗಳ ಬಗ್ಗೆ ಮಾತಾಡಿದರು. ಸುಡುಗಾಡು ದೊಡ್ಡಸ್ತಿಕೆ. ಜ್ಯೋತ್ಸ್ನಾ ಕಿಚನ್ನಿಗೆ ಹೋಗಿ, ಹತ್ತಿರದ ಊರು ಸ್ಟೌಫ್‌ವಿಲ್ಲಿನ ತನ್ನ ಮನೆಯಲ್ಲಿದ್ದ ಅತ್ತೆ ಮಲ್ಲವ್ವನಿಗೆ ಫೋನು ಹಚ್ಚಿ ಸಂಕಟ ತೋಡಿಕೊಂಡಳು.

“ಮನಿ ಮಗಳು ಬರೇ ಉಡೀಲೆ ಹೋಗಬಾರದವಾ,” ಎಂದರು ಮಲ್ಲವ್ವ. “ಅಕ್ಕಿ ಹಾಕಿ ಉಡಿ ತುಂಬು. ಗಂಡನ ಹೆಸರು ಹೇಳಸೂದು ಮರೀಬ್ಯಾಡ.”

ಜ್ಯೋತ್ಸ್ನಾ ಹಿಂದೆಮುಂದೆ ನೋಡಲಿಲ್ಲ. ಹೊರಡಲು ಎದ್ದ ನೆಸ್ಟ್‌ಳನ್ನು ಮತ್ತೆ ಕೂರಿಸಿ, ಅವಳ ಸ್ಕಾರ್ಫನ್ನೇ ಸೆರಗು ಮಾಡಿ, ಬಟ್ಟಲಿನಿಂದ ಅಕ್ಕಿ ಹಾಕಿ ಬಾಳೆಹಣ್ಣಿಟ್ಟಳು. ತವರು ಇನ್ನೂ ನಿನ್ನದೇ, ಮತ್ತೆ ಬಾ ಎಂದು ಇದರರ್ಥ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು, ಗಂಡನ ಹೆಸರು ಹೇಳಬೇಕು ಎಂದಳು. ಆ ಮನೆಯ ಕಟ್ಟಪ್ಪಣೆ ಅವಳಿಗಾಗ ನೆನಪೇ ಇರಲಿಲ್ಲ. ಲಾರ್ಡ್‌ರ ಕೋಲಿನ ಸದ್ದು ನಿಂತಿತು.

“ಹ್ಯೂ,” ಎಂದಳು ನೆಸ್ಟ್. “ಮಾರ್ಚಿನಲ್ಲಿ ತೀರಿಕೊಂಡ.”

ಜ್ಯೋತ್ಸ್ನಾಳ ಬೆರಳು ಕುಂಕುಮದಲ್ಲೇ ಉಳಿಯಿತು. ಗಂಡ ಸತ್ತವಳಿಗೆ ಉಡಿ ತುಂಬಿ, ಅವನ ಹೆಸರನ್ನೂ ಕೇಳಿದೆನಲ್ಲ ಎಂದು ನಾಚಿಕೆಯಿಂದ ಹಿಡಿಯಷ್ಟಾದಳು. ಅಕ್ಕಿ ತೆಗೆದುಬಿಡಲು ಕೈ ಚಾಚಿದಳು.

ಮುದುಕರು ಆ ಕೈ ತಡೆದರು. ಕೋಲನ್ನು ಕುರ್ಚಿಗೆ ಒರಗಿಸಿ, ಬಟ್ಟಲಲ್ಲಿ ಉಳಿದ ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿಕೊಂಡು ಮಗಳ ಮಡಿಲಿಗೆ ಸುರಿದರು. ಅರ್ಧ ಕಾರ್ಪೆಟ್ಟಿನ ಮೇಲೆ ಚೆಲ್ಲಿತು.

“ಹ್ಯೂ,” ಎಂದರು, ಬದುಕಿನಲ್ಲಿ ಮೊದಲ ಸಲ. “ಅವನು ಹೇಗಿದ್ದ, ಹೇಳು.”

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಜ್ಯೋತ್ಸ್ನಾ ಹೋಗಿ ಅದನ್ನು ವಾಪಸ್ ಕಳಿಸಿದಳು.