ಹನ್ನೊಂದು ಕಿಲೋಮೀಟರ್ ಓಡಿದ ಗಾಡಿ

ಸೋದರಳಿಯ ಬಾಯಿಬಿಟ್ಟು ಕೇಳಿದ್ದನ್ನು ಸೋದರಮಾವ ಇಲ್ಲ ಅನ್ನುವಂತಿಲ್ಲ. ನಮ್ಮ ಕಿರ್ಗಿಜರಲ್ಲಿ ಈ ಹಕ್ಕು ಜೀವಮಾನದಲ್ಲಿ ಮೂರು ಸಲ ಮಾತ್ರ, ನಾಲ್ಕನೆಯ ಸಲ ಕೇಳಿದರೆ ಒದೆ. ಮೊದಲನೆಯದನ್ನು ಐದನೇ ವಯಸ್ಸಿನಲ್ಲಿ ಒಂದು ನಾಯಿಮರಿಗಾಗಿ ಹಾಳುಮಾಡಿಕೊಂಡೆ. ಎರಡನೆಯದು ಮದುವೆಯ ಹೊತ್ತಿನಲ್ಲಿ ಒಂದು ಕುದುರೆ ಜೀನಿಗೆ ಹೋಯಿತು. ಮೂರನೆಯದು ಇಪ್ಪತ್ತು ವರ್ಷದಿಂದ ಹಾಗೇ ಇತ್ತು. ನಿಜ ಹೇಳಬೇಕೆಂದರೆ ನನಗದು ಮರೆತೇ ಹೋಗಿತ್ತು, ಆದರೆ ಸಗಿನಾಲಿ ಮಾವ ಮರೆತಿರಲಿಲ್ಲ.

ಮಾವನ ಕೊಟ್ಟಿಗೆಯಲ್ಲಿ ಒಂದು ಮೋಟಾರ್‌ಸೈಕಲ್ ಇದೆ. ಪಕ್ಕದಲ್ಲಿ ಒಬ್ಬರು ಕೂರುವ ತೊಟ್ಟಿ ಇರುವ ಮೂರು ಚಕ್ರದ್ದು. ಸೋವಿಯತ್ ಕಾಲದಲ್ಲಿ ಜಿಲ್ಲೆಗೇ ಒಳ್ಳೆಯ ಕುರುಬ ಎಂದು ಅವನಿಗೆ ಬಹುಮಾನ ಕೊಟ್ಟದ್ದು. ಕಚೇರಿಯಿಂದ ಮನೆಗೆ ಹನ್ನೊಂದು ಕಿಲೋಮೀಟರ್ ಓಡಿಸಿಕೊಂಡು ಬಂದವನು ಕೊಟ್ಟಿಗೆಗೆ ಸೇರಿಸಿ ಕಂಬಳಿ ಹೊದಿಸಿಬಿಟ್ಟ. ನಲವತ್ಮೂರು ವರ್ಷವಾಯಿತು, ಮೀಟರಿನಲ್ಲಿ ಇನ್ನೂ ಹನ್ನೊಂದೇ. ತಿಂಗಳಿಗೊಮ್ಮೆ ಎಂಜಿನ್ ಐದು ನಿಮಿಷ ಗುಡುಗಿ ಸುಮ್ಮನಾಗುತ್ತದೆ. ದಿನಾ ಬೆಳಿಗ್ಗೆ ಒಂದು ಮೆತ್ತನೆಯ ಹಳದಿ ಬಟ್ಟೆಯಲ್ಲಿ ಅದರ ಮೈ ಒರೆಸುತ್ತಾನೆ. ಆ ಬಟ್ಟೆಯನ್ನು ತಾನೇ ಒಗೆದು ಬೇರೆ ಹಗ್ಗದಲ್ಲಿ ಒಣಗಿಸುತ್ತಾನೆ. ಬುರುಲ್ ಅತ್ತೆ ಅದನ್ನು ಮುಟ್ಟುವ ಹಾಗಿಲ್ಲ.

ಹೋದ ವಾರ ರಾಜಧಾನಿ ಬಿಷ್ಕೆಕ್‌ನಿಂದ ಹಳೆಯ ಗಾಡಿಗಳ ಹುಚ್ಚಿನವನೊಬ್ಬ ಬಂದು, "ಇಷ್ಟು ಕಡಿಮೆ ಓಡಿದ್ದು ದೇಶದಲ್ಲೇ ಇನ್ನೊಂದಿಲ್ಲ, ಓಡಿಸಿದಿರೋ ಹಳೇ ಕಬ್ಬಿಣ" ಎಂದು ಹೇಳಿ ಹೋಗಿದ್ದನಂತೆ. ಇದೊಂದೂ ಗೊತ್ತಿಲ್ಲದ ನಾನು ಸುಮ್ಮನೆ ಊಟಕ್ಕೆಂದು ಹೋದೆ. ಮಾವ ಬಾಗಿಲಲ್ಲೇ ಅಡ್ಡ ನಿಂತ.

"ಬಾ ಅಳಿಯಾ. ನನ್ನ ಬೂದು ಕುದುರೆ ಹೇಗಿದೆ?"

"ಚೆನ್ನಾಗಿದೆ ಮಾವ."

"ತಗೊಂಡು ಹೋಗು. ಲೆಕ್ಕಕ್ಕೆ ಮೂರನೇದು. ಹೂಂ ಅನ್ನು, ಬೇಗ."

ಒಂದು ಹಿಡಿ ಉಪ್ಪು ಕೊಡಲೂ ಎರಡು ಸಲ ಯೋಚಿಸುವ ಮನುಷ್ಯ! ಆ ಕುದುರೆಯ ಮೇಲೆ ನನಗೆ ಎರಡು ವರ್ಷದಿಂದ ಕಣ್ಣಿತ್ತು. ಹೂಂ ಅನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಮೊದಲು ಚಹಾ ಕುಡೀಲಿ" ಎಂದು ಕೂಗಿದಳು. ಮಾವ ಹಗ್ಗ ತರಲು ಓಡಿದ.

"ಅವರು ಯಾಕೆ ಹೀಗಾಡ್ತಿದಾರೆ ಗೊತ್ತಾ?" ಅತ್ತೆ ಬಟ್ಟಲು ಕೈಗಿಟ್ಟಳು. "ನೀನೆಲ್ಲಿ ಆ ಗಾಡಿ ಕೇಳ್ತೀಯೋ ಅಂತ ಜೀವ ಬಾಯಿಗೆ ಬಂದಿದೆ."

"ನನಗ್ಯಾಕತ್ತೆ ಗಾಡಿ?"

"ನನಗೆ ಬೇಕು ಕಣೋ. ಮದುವೆಯಾದ ವರ್ಷ ಇದೇ ತೊಟ್ಟೀಲಿ ಕೂರಿಸ್ಕೊಂಡು ಸೋಂಗ್‌ಕೋಲ್ ಸರೋವರಕ್ಕೆ ಕರ್ಕೊಂಡು ಹೋಗ್ತೀನಿ ಅಂದ್ರು. ಆಮೇಲೆ ಮಳೆ ಅಂದ್ರು, ಧೂಳು ಅಂದ್ರು. ಈಗ ಬೆಲೆ ಅಂತಾರೆ. ನನ್ನ ಮಂಡಿ ಹೋಯ್ತು, ಕುದುರೆ ಹತ್ತೋ ಹಾಗಿಲ್ಲ."

"ಬಾಡಿಗೆ ಜೀಪ್ ಇದೆಯಲ್ಲ?"

"ಮಾತು ಕೊಟ್ಟಿದ್ದು ಜೀಪಿನೋನಾ?"

ಬಟ್ಟಲು ಕೆಳಗಿಟ್ಟೆ. ಹೊರಗೆ ಬಂದೆ. ಮಾವ ಬೂದು ಕುದುರೆಯನ್ನು ಹಿಡಿದು ನಿಂತಿದ್ದ. ಎಂಥ ಕುದುರೆ! ಕಣ್ಣು ಬೇರೆ ಕಡೆ ತಿರುಗಿಸಿ, "ಮಾವ, ಮೂರನೇದು ಕೇಳ್ತಿದೀನಿ. ಮೋಟಾರ್‌ಸೈಕಲ್" ಅಂದೆ.

ಮಾವ ಕುಸಿದು ನೆಲದ ಮೇಲೆ ಕೂತ. "ಎರಡು ಕುದುರೆ ತಗೋ."

"ಗಾಡಿ."

"ತೋಳ ಬಂದಿದ್ರೂ ಒಂದೇ ಕುರಿ ಹೊತ್ಕೊಂಡು ಹೋಗ್ತಿತ್ತಲ್ಲೋ, ಪಾಪಿ!"

ಆದರೆ ಇಲ್ಲ ಅನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ. ಕೊರಳಿನ ದಾರದಲ್ಲಿದ್ದ ಕೀಲಿಯನ್ನು ಬಿಚ್ಚಿ, ಮುಖ ತಿರುಗಿಸಿಕೊಂಡು ಕೊಟ್ಟ.

"ಮಾವ, ನನಗೆ ಓಡಿಸೋಕೆ ಬರಲ್ಲ."

"ಮತ್ಯಾಕೋ ಕೇಳ್ದೆ?"

"ನೀನು ಓಡಿಸು. ಅತ್ತೆ ತೊಟ್ಟೀಲಿ ಕೂರಲಿ, ನಾನು ಹಿಂದೆ ಕೂರ್ತೀನಿ. ಸೋಂಗ್‌ಕೋಲಿಗೆ ನಡಿ. ನನ್ನ ಗಾಡಿ, ನಾನು ಹೇಳಿದ ಕಡೆ ಹೋಗುತ್ತೆ."

ಅತ್ತೆ ಆಗಲೇ ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಕುಮಿಸ್ ಎಂಬ ಹುಳಿ ಕುದುರೆಹಾಲು ತುಂಬಿದ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೊಟ್ಟಿಯಲ್ಲಿ ಕೂತಿದ್ದಳು. ಕೆಟ್ಟ ಮಂಡಿಯಲ್ಲಿ ಅದು ಹೇಗೆ ಹತ್ತಿದಳೋ ನನಗಂತೂ ಗೊತ್ತಾಗಲಿಲ್ಲ.

ಮೀಟರಿನಲ್ಲಿ ಹನ್ನೊಂದು ಹೋಗಿ ಹನ್ನೆರಡು ಬಂದಾಗ ಮಾವ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಅತ್ತ. ಆಮೇಲೆ ಒಂದೊಂದು ಕಲ್ಲಿಗೂ "ಅಯ್ಯೋ" ಅನ್ನುತ್ತಾ ಬೆಟ್ಟದ ದಾರಿ ಹತ್ತಿಸಿದ. ಬೆಟ್ಟದಾಚೆ ಒಂದು ಹಳ್ಳ ದಾಟುವಾಗ ಕೆಸರು ಎದ್ದು ಮೂವರ ಮೇಲೂ ಬಿತ್ತು. "ರೀ, ಇನ್ನೂ ಜೋರಾಗಿ!" ಎಂದು ಅತ್ತೆ ಕೂಗಿದಳು. ಆಶ್ಚರ್ಯವೆಂದರೆ, ಆಮೇಲೆ ಬಂದ ಎರಡು ಹಳ್ಳಗಳನ್ನು ಮಾವ ನಿಧಾನ ಮಾಡದೆಯೇ ದಾಟಿಸಿದ.

ಸರೋವರದ ದಡ ಮುಟ್ಟಿದಾಗ ಮೀಟರಿನಲ್ಲಿ ಅರವತ್ನಾಲ್ಕು. ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೆಳಗಿಳಿದವನೇ ಜೇಬಿನಿಂದ ಹಳದಿ ಬಟ್ಟೆ ತೆಗೆದು ಟ್ಯಾಂಕಿನ ಕಡೆ ಬಗ್ಗಿದ.

"ರೀ," ಅಂದಳು ಅತ್ತೆ, ತೊಟ್ಟಿಯಿಂದ ಇಳಿಯದೆ. ಮುಖವೆಲ್ಲ ಕೆಸರು, ಕಣ್ಣೆರಡೇ ಕಾಣುತ್ತಿದ್ದವು. "ಅದು ಅಳಿಯನ ಗಾಡಿ, ಅವನು ಒರೆಸ್ಕೋತಾನೆ. ನಾನು ನಿಮ್ಮೋಳಲ್ವಾ?"

ಮಾವ ಬಟ್ಟೆ ಹಿಡಿದು ನಿಂತೇ ಇದ್ದ. ನನ್ನನ್ನೊಮ್ಮೆ, ಟ್ಯಾಂಕನ್ನೊಮ್ಮೆ ನೋಡಿದ. ಆಮೇಲೆ ತೊಟ್ಟಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ಅತ್ತೆಯ ಹಣೆಯಿಂದ ಶುರುಮಾಡಿ ಮೆಲ್ಲಗೆ ಒರೆಸತೊಡಗಿದ. ಅವಳು ಕಣ್ಣು ಮುಚ್ಚಿಕೊಂಡಳು. ಅವನು ಕಿವಿಯ ಹಿಂದೆಯೂ ಬಿಡದೆ ಒರೆಸಿದ.